ಗೆಳೆಯ ಸತ್ತರೆ ಎಷ್ಟು ದಿನ ರಜೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಇಯರ್‌ಫೋನ್ ಹಾಕ್ಕೊಂಡು ಬೈಕ್ ಓಡಿಸ್ತಾ ಇದನ್ನ ಕೇಳ್ತಿದ್ರೆ, ದಯವಿಟ್ಟು ಈಗಲೇ ನಿಲ್ಲಿಸಿ. ಮನೆಗೆ ಹೋಗಿ ಕೇಳಿ. ಹತ್ತು ಹನ್ನೆರಡು ನಿಮಿಷದ ಮಾತು, ಎಲ್ಲೂ ಓಡಿ ಹೋಗಲ್ಲ. ಇದನ್ನ ತಮಾಷೆಗೆ ಹೇಳ್ತಿಲ್ಲ. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತೆ.

ನನ್ನೂರು ಬೇಗಾರ್. ಶೃಂಗೇರಿ ತಾಲ್ಲೂಕು. ಆಗುಂಬೆ ನಮಗೆ ಹತ್ತಿರ, ಹಾಗಾಗಿ ಮಳೆ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಶುರುವಾದ್ರೆ ಒಗೆದ ಬಟ್ಟೆ ಒಣಗೋದು ಒಲೆ ಮೇಲೇ. ಅಡಿಕೆಗೆ ಕೊಳೆ ಬರಬಾರದು ಅಂತ ಮಳೆ ಬಿಟ್ಟ ಗಳಿಗೆಯಲ್ಲಿ ಬೋರ್ಡೋ ಹೊಡೆಯೋದು, ಮೊಬೈಲ್‌ಗೆ ಸಿಗ್ನಲ್ ಬೇಕು ಅಂದ್ರೆ ಗುಡ್ಡ ಹತ್ತೋದು. ಅಂಥ ಊರಲ್ಲಿ ಒಂದನೇ ಕ್ಲಾಸಿಂದ ನನ್ನ ಪಕ್ಕ ಕೂತವನ ಬಗ್ಗೆ ಇವತ್ತು ಮಾತಾಡ್ತೀನಿ. ಅವನ ಹೆಸರು ಹೇಳಲ್ಲ. ಅವನ ಅಮ್ಮ ಇದನ್ನ ಕೇಳಬಹುದು. ಸ್ಪೀಕರ್‌ನಲ್ಲಿ ಮಗನ ಹೆಸರು ಬಂದ್ರೆ ಅವರಿಗೆ ಹೇಗಾಗುತ್ತೋ ನನಗೆ ಗೊತ್ತಿಲ್ಲ.

ಮೂರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಭಾನುವಾರ. ನಾನು ಎರಡು ದಿನಕ್ಕೆ ಅಂತ ಊರಿಗೆ ಬಂದಿದ್ದೆ. ರಾತ್ರಿ ಶೃಂಗೇರಿಯಿಂದ ಬೆಂಗಳೂರು ಬಸ್ಸು ಹಿಡೀಬೇಕಿತ್ತು. ಸಂಜೆ ಬಸ್ಸು ತಪ್ಪಿತು. ಅವನಿಗೆ ಫೋನ್ ಮಾಡಿದೆ. "ಎಂತಕ್ಕೆ ಟೆನ್ಷನ್ ಮಾರಾಯ, ನಾ ಬಿಟ್ಟು ಬರ್ತೆ" ಅಂದ. ಹತ್ತು ನಿಮಿಷಕ್ಕೆ ಅಂಗಳದಲ್ಲಿ ಬೈಕಿನ ಸದ್ದು.

ಒಂದೇ ಹೆಲ್ಮೆಟ್ ಇತ್ತು. ಅದನ್ನ ನನ್ನ ಕೈಗೆ ಕೊಟ್ಟ. ನಾನು ಬೇಡ ಅಂದೆ. "ನಾಳೆ ಬೆಳಗ್ಗೆ ಆಫೀಸಿಗೆ ಹೋಗೋನು ನೀನು. ತಲೆ ನೆನೆದ್ರೆ ಶೀತ ಆಗ್ತದೆ. ನಂಗೆ ರೇನ್‌ಕೋಟಿನ ಟೊಪ್ಪಿ ಉಂಟಲ್ಲ, ಹಾಕ್ಕ ಸುಮ್ನೆ" ಅಂದ. ಹಾಕ್ಕೊಂಡೆ. ಬಸ್‌ಸ್ಟ್ಯಾಂಡಿಗೆ ಬಂದಾಗ ಬಸ್ಸು ಹೊರಡೋ ಹೊತ್ತು. ಕಂಡಕ್ಟರ್ ಕರೀತಿದ್ರು. ಹೆಲ್ಮೆಟ್ ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನ ಬೈಕಿನ ಕನ್ನಡಿಗೆ ನೇತು ಹಾಕಿದ. ನಾನು ನೋಡಿದೆ. ನೋಡಿಯೂ ಏನೂ ಹೇಳಲಿಲ್ಲ.

"ಹಾಕ್ಕೊಂಡು ಹೋಗೋ ಮಾರಾಯ." ಮೂರು ಪದ. ಮೂರು ವರ್ಷದಿಂದ ದಿನಾ ಹೇಳ್ತಿದ್ದೀನಿ, ಕೇಳೋಕೆ ಅವನಿಲ್ಲ.

ಜಯಪುರ ದಾಟೋ ಹೊತ್ತಿಗೆ ನೆಟ್‌ವರ್ಕ್ ಹೋಯ್ತು. ಫೋನ್ ಸೈಲೆಂಟ್ ಮಾಡಿ ಮಲಗಿದೆ. ಬೆಳಗಿನ ಜಾವ ಯಶವಂತಪುರದಲ್ಲಿ ಎದ್ದು ನೋಡಿದ್ರೆ ಇಪ್ಪತ್ತೇಳು ಮಿಸ್ಡ್ ಕಾಲ್. ಯಾರಿಗೆ ಮೊದಲು ಫೋನ್ ಮಾಡೋದು ಅಂತ ಗೊತ್ತಾಗದೆ ವಾಟ್ಸಾಪ್ ತೆಗೆದೆ. ಊರಿನ ಗ್ರೂಪಲ್ಲಿ ಒಂದು ಫೋಟೋ ಬಂದಿತ್ತು. ಮಣ್ಣು ಮೆತ್ತಿಕೊಂಡು ಬಿದ್ದ ಬೈಕು, ಕೆಎ 18 ನಂಬರು. ಕನ್ನಡಿಗೆ ಹೆಲ್ಮೆಟ್ ನೇತಾಡ್ತಾ ಇತ್ತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ.

ಆಮೇಲೆ ಗೊತ್ತಾಗಿದ್ದು ಇಷ್ಟು. ವಾಪಸ್ ಬರೋವಾಗ ಒಂದು ತಿರುವಿನಲ್ಲಿ ಧರೆಯ ಮಣ್ಣು ರಸ್ತೆಗೆ ಇಳಿದಿತ್ತು. ಬೈಕು ಜಾರಿದೆ. ತಲೆ ರಸ್ತೆ ಬದಿಯ ಕಲ್ಲಿಗೆ ಬಡಿದಿದೆ. ಎರಡು ಕಾರು ನಿಧಾನ ಮಾಡಿ, ನೋಡಿ, ಮುಂದೆ ಹೋದವಂತೆ. ಮೂರನೆಯದಾಗಿ ಬಂದ ಜೀಪಿನವರು ಎತ್ತಿ ಹಾಕ್ಕೊಂಡು ಹೋದ್ರು. ನಮ್ಮ ಕಡೆ ತಲೆಗೆ ಪೆಟ್ಟು ಅಂದ್ರೆ ಮಣಿಪಾಲ, ಇಲ್ಲ ಶಿವಮೊಗ್ಗ. ಮಣಿಪಾಲ ಅಂದ್ರೆ ಆ ಮಳೆಯಲ್ಲಿ, ಆ ಕತ್ತಲಲ್ಲಿ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳನ್ನ ಇಳೀಬೇಕು. ಆಂಬುಲೆನ್ಸ್ ಘಾಟಿ ಮುಟ್ಟೋ ಮೊದಲೇ ಜೀವ ಹೋಗಿತ್ತು.

ಯಶವಂತಪುರದಲ್ಲೇ ನಿಂತು ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಸರ್, ಊರಿಗೆ ವಾಪಸ್ ಹೋಗ್ಬೇಕು, ಆಕ್ಸಿಡೆಂಟ್ ಆಗಿದೆ, ತೀರಿಕೊಂಡಿದ್ದಾನೆ." "ಅಯ್ಯೋ. ಫ್ಯಾಮಿಲಿನಾ?" "ಅಲ್ಲ ಸರ್, ಫ್ರೆಂಡ್." ಆ ಕಡೆ ಒಂದು ಕ್ಷಣ ಮೌನ. "ಓ... ಸರಿ, ಇವತ್ತೊಂದು ದಿನ ಕ್ಯಾಶುಯಲ್ ಲೀವ್ ತಗೊಳ್ಳಿ." ಅವರು ಕೆಟ್ಟವರಲ್ಲ. ನಿಯಮ ಹಾಗೆ. ಆದರೆ ಆ ಒಂದು ಕ್ಷಣದ ಮೌನ ಇದೆಯಲ್ಲ, ಇವತ್ತಿನ ಸಂಚಿಕೆ ಅದರ ಬಗ್ಗೆ.

ನಮ್ಮಲ್ಲಿ ಸಾವಿಗೆ ಲೆಕ್ಕ ಇದೆ. ಅಪ್ಪ, ಅಣ್ಣ, ದಾಯಾದಿ, ಯಾರಿಗೆ ಎಷ್ಟು ದಿನ ಸೂತಕ, ಯಾರು ತಲೆ ಬೋಳಿಸಬೇಕು, ಯಾರು ಹನ್ನೊಂದನೇ ದಿನಕ್ಕೆ ಬರಬೇಕು, ಎಲ್ಲಾ ಹಿರಿಯರಿಗೆ ಗೊತ್ತು. ಆರೇಳು ತಲೆಮಾರಿನ ಹಿಂದೆ ಕವಲೊಡೆದ, ಮುಖ ನೋಡದ ದಾಯಾದಿ ಸತ್ತರೂ ಸೂತಕ ಉಂಟು. ಗೆಳೆಯ ಸತ್ತರೆ? ಏನೂ ಇಲ್ಲ. ನಾನು ಊರಿಗೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮಳೆ ಜೋರಾಗುತ್ತೆ ಅಂತ ಬೇಗ ಮುಗಿಸಿದ್ರು. ಗದ್ದೆಯಾಚೆ ಹೊಗೆ ಏಳ್ತಿತ್ತು. ಜಗಲಿಯಲ್ಲಿ ನೆಂಟರು ಕೂತಿದ್ರು. ನಾನು ಎಲ್ಲಿ ಕೂರಬೇಕು ಅಂತ ನನಗೇ ಗೊತ್ತಾಗಲಿಲ್ಲ. ಅಡಿಕೆ ಚಪ್ಪರದ ಕಂಬ ಹಿಡ್ಕೊಂಡು ನಿಂತೇ ಇದ್ದೆ.

ಅವನ ಅಮ್ಮನನ್ನ ನಾನು ಚಿಕ್ಕಮ್ಮ ಅಂತ ಕರೆಯೋದು. ಅವರು ಒಳಗಿಂದ ಬಂದು ನನ್ನ ಮುಖ ನೋಡಿದ್ರು. ಬೈತಾರೆ ಅಂದ್ಕೊಂಡೆ. ಬೈಯಲಿ ಅಂತಲೇ ಕಾಯ್ತಿದ್ದೆ. ಅವರು ಕೇಳಿದ್ದು ಒಂದೇ: "ನಿಂಗೆ ಬಸ್ಸು ಸಿಕ್ತಾ ಮಗಾ? ಸೀಟು ಇತ್ತಾ?"

ಹೂಂ ಅಂದೆ. ಅಲ್ಲಿಯವರೆಗೆ ಬಾರದ ಅಳು ಅಲ್ಲಿ ಬಂತು.

ಈಗ ಒಂಚೂರು ಹೊರಗಿನ ಮಾತು. ಆಗುಂಬೆ ಅಂದ ತಕ್ಷಣ ನಮ್ಮ ಅಪ್ಪಂದಿರ ಕಾಲದವರಿಗೆ ನೆನಪಾಗೋದು ಶಂಕರ್‌ನಾಗ್. 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರೀಕರಣ ಆಗಿದ್ದು ನಮ್ಮ ಪಕ್ಕದ ಆ ಊರಲ್ಲೇ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಗಿ ಅವರು ಹೋದಾಗ ವಯಸ್ಸು 35. ಒಮ್ಮೆಯೂ ಮಾತಾಡಿಸದ ಜನ ಇಂದಿಗೂ ಅವರನ್ನ ಗೆಳೆಯ ಅನ್ನೋ ಹಾಗೆ 'ಶಂಕ್ರಣ್ಣ' ಅಂತಾರೆ. ಎಷ್ಟೋ ಆಟೋಗಳ ಹಿಂದೆ ಅವರ ಚಿತ್ರ ಇನ್ನೂ ಇದೆ.

ನಮ್ಮ ಕಾಲದ್ದು ಅಂದ್ರೆ ಸಂಚಾರಿ ವಿಜಯ್. ನಮ್ಮದೇ ಚಿಕ್ಕಮಗಳೂರು ಜಿಲ್ಲೆ, ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. 'ನಾನು ಅವನಲ್ಲ ಅವಳು' ಚಿತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದವರು. ಕೋವಿಡ್ ಎರಡನೇ ಅಲೆಯಲ್ಲಿ ಕಷ್ಟದಲ್ಲಿದ್ದವರಿಗೆ ಸಹಾಯ ಮಾಡ್ತಾ ಓಡಾಡ್ತಿದ್ರು. 2021ರ ಜೂನ್ 12ರ ರಾತ್ರಿ, ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗ್ತಿದ್ದಾಗ ಬೈಕು ಜಾರಿತು. ಹೆಲ್ಮೆಟ್ ಇರಲಿಲ್ಲ ಅಂತ ಆಗ ವರದಿಯಾಯ್ತು. ತಲೆಗೆ ಪೆಟ್ಟು. ಎರಡು ದಿನಕ್ಕೆ ಮೆದುಳು ನಿಷ್ಕ್ರಿಯವಾಗಿದೆ ಅಂದ್ರು ವೈದ್ಯರು. ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದ್ರು. ಜೂನ್ 15ರಂದು ಪಂಚನಹಳ್ಳಿಯಲ್ಲಿ, ಗೆಳೆಯರೊಬ್ಬರ ತೋಟದಲ್ಲಿ ಅಂತ್ಯಸಂಸ್ಕಾರ ಆಯ್ತು.

ಆ ಸುದ್ದಿ ಓದಿದಾಗ ನಾನು ಆ ಎರಡು ಸಂಗತಿಯಲ್ಲಿ ನಿಂತೇ ಇರಲಿಲ್ಲ. ಈಗ ನಿಲ್ತೀನಿ. ಒಂದು, ಗೆಳೆಯನ ತೋಟದಲ್ಲಿ ಮಣ್ಣಾಗಿದ್ದು. ಗೆಳೆತನಕ್ಕೂ ಒಂದು ಜಾಗ ಉಂಟು ಅಂತ ಅಲ್ಲಿ ಯಾರೋ ಒಪ್ಪಿಕೊಂಡ್ರು. ಇನ್ನೊಂದು, ಬೈಕ್ ಓಡಿಸ್ತಿದ್ದ ಗೆಳೆಯ. ಅವರು ಬದುಕಿ ಉಳಿದ್ರು. ಎಲ್ಲರೂ ಹೋದವರ ಬಗ್ಗೆ ಬರೆದ್ವಿ. ಉಳಿದವರು ಮಾರನೇ ದಿನ ಬೆಳಗ್ಗೆ ಹೇಗೆ ಎದ್ದರೋ ಅಂತ ಯಾರು ಕೇಳಿದ್ವಿ?

ನಾನು ಹೇಗೆ ಎದ್ದೆ ಅಂತ ಹೇಳ್ತೀನಿ. ಮಂಗಳವಾರ ಆಫೀಸಿಗೆ ಹೋದೆ. ಕೆಲಸ ಮಾಡಿದೆ, ನಗೆ ಬಂದಾಗ ನಕ್ಕೆ. ರಾತ್ರಿ ಅವನ ವಾಟ್ಸಾಪ್ ತೆಗೆದು ಕೂರ್ತಿದ್ದೆ. ಕೊನೆಯ ವಾಯ್ಸ್ ನೋಟ್ ಹನ್ನೊಂದು ಸೆಕೆಂಡಿನದು. ಬರೋವಾಗ ಬೆಂಗಳೂರಿಂದ ಚಾರ್ಜರ್ ಕೇಬಲ್ ತಾ ಅಂತ. ತಂದಿದ್ದೆ. ದುಡ್ಡು ಕೊಡ್ತೀನಿ ಅಂತ ಜಗಳ ಆಡಿದ್ದ. ಆ ನೋಟ್ ಕೇಳೋದು, ಮಲಗೋದು. ಆರು ತಿಂಗಳು ಹೀಗೇ ಹೋಯ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ರೆ "ಇನ್ನೂ ಅದೇ ಹಿಡ್ಕೊಂಡಿದ್ದೀಯಾ" ಅಂತಾರೇನೋ ಅಂತ ಅಳುಕು.

ಕೊನೆಗೆ ಹೇಳಿದ್ದು ಚಿಕ್ಕಮ್ಮನ ಹತ್ರವೇ. ಅಡಿಕೆ ಕೊಯ್ಲಿಗೆ ಅಂತ ಹೋಗಿದ್ದೆ. ಅವರ ಮನೆಯಲ್ಲಿ ಗಂಡಾಳು ಕಡಿಮೆ ಆಗಿತ್ತಲ್ಲ. ರಾತ್ರಿ ಅಡಿಕೆ ಸುಲೀತಾ ಕೂತಾಗ ಹೆಲ್ಮೆಟ್ ವಿಷಯ ಹೇಳಿಬಿಟ್ಟೆ. ನನಗೆ ಕೊಟ್ಟ, ನಾನು ಹಾಕ್ಕೊಂಡೆ, ವಾಪಸ್ ಕೊಟ್ಟು ಹಾಕ್ಕ ಅನ್ನಲಿಲ್ಲ ಅಂತ. ಅವರ ಕೈ ನಿಂತಿತು. ತುಂಬಾ ಹೊತ್ತಿನ ಮೇಲೆ ಹೇಳಿದ್ರು: "ನಾನೂ ಹೇಳಲಿಲ್ಲ ಮಗಾ. ಅವ ಅಂಗಳ ಇಳಿಯುವಾಗ ನೋಡ್ತಾ ನಿಂತಿದ್ದೆ." ಮತ್ತೆ ಮೆಟ್ಟುಗತ್ತಿಗೆ ಕೈ ಹೋಯ್ತು. ಆ ರಾತ್ರಿ ಇಬ್ಬರೂ ಸೇರಿ ಎರಡು ಬುಟ್ಟಿ ಸುಲಿದ್ವಿ.

ತಪ್ಪು ಹೋಗಲಿಲ್ಲ. ಹಂಚಿಹೋಯ್ತು. ಹೊರೆ ಇಳಿಯದಿದ್ರೂ ಹೊರೋಕೆ ಇನ್ನೊಂದು ಹೆಗಲು ಸಿಕ್ತು.

ಅದಕ್ಕೇ ಇದನ್ನ ನಿಮಗೆ ಹೇಳ್ತಿರೋದು. ಕೆಲವು ಮಾತು ಬರೆದಿಟ್ಕೊಳ್ಳಿ.

ಮೊದಲನೇದು, ರಸ್ತೆಯಲ್ಲಿ ಯಾರಾದ್ರೂ ಬಿದ್ದಿದ್ರೆ ನಿಲ್ಲಿಸಿ. ಪೊಲೀಸ್ ಕೇಸು, ಕೋರ್ಟು ಅಂತ ಹೆದರಬೇಡಿ. ಸಹಾಯ ಮಾಡಿದವರ ರಕ್ಷಣೆಗೆ ಸುಪ್ರೀಂ ಕೋರ್ಟ್ 2016ರಲ್ಲೇ ಮಾರ್ಗಸೂಚಿಗಳಿಗೆ ಒಪ್ಪಿಗೆ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಸೆಕ್ಷನ್ ಸೇರಿತು. ಒಳ್ಳೇ ಮನಸ್ಸಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಹೊರಿಸುವ ಹಾಗಿಲ್ಲ. ನಿಮಗೆ ಇಷ್ಟ ಇಲ್ಲದಿದ್ರೆ ಹೆಸರು, ವಿಳಾಸ ಕೊಡಬೇಕಾಗೂ ಇಲ್ಲ. ಅಪಘಾತವಾದ ಮೊದಲ ಒಂದು ಗಂಟೆಯನ್ನ ಕಾನೂನೇ 'ಗೋಲ್ಡನ್ ಅವರ್' ಅಂತ ಕರೆಯುತ್ತೆ. ನಮ್ಮಂಥ ಊರಲ್ಲಿ ಆ ಗಂಟೆಯ ಅರ್ಧ ದಾರಿಯಲ್ಲೇ ಕಳೆದು ಹೋಗುತ್ತೆ. ಶೃಂಗೇರಿಗೆ ನೂರು ಹಾಸಿಗೆಯ ಆಸ್ಪತ್ರೆ ಬೇಕು ಅಂತ ಜನ ಕೂಗಿದ್ದು ಸುಮ್ನೆ ಅಲ್ಲ. 108, 112, ಎರಡೂ ನಂಬರ್ ನೆನಪಿರಲಿ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೊಂದು ಜಾರಿಯಲ್ಲಿದೆ: ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಆಸ್ಪತ್ರೆಯಲ್ಲಿ ಇದನ್ನ ಕೇಳಿ.

ಎರಡನೇದು, ಫೋಟೋ. ಬಿದ್ದವರ ಫೋಟೋ ತೆಗೀಬೇಡಿ, ಬಂದ್ರೆ ಫಾರ್ವರ್ಡ್ ಮಾಡ್ಬೇಡಿ. "ಯಾರಿಗಾದ್ರೂ ಗುರುತು ಸಿಗಲಿ ಅಂತ" ಅಂತೀರಿ. ಗುರುತು ಸಿಕ್ಕವರಲ್ಲಿ ನಾನೂ ಒಬ್ಬ.

ಮೂರನೇದು ಹೆಲ್ಮೆಟ್. 2022ರಲ್ಲಿ ಇಡೀ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಇವರಲ್ಲಿ 14,337 ಜನ ಹಿಂದೆ ಕೂತವರು. ಒಂದು ಬೈಕು ಅಂದ್ರೆ ಎರಡು ಹೆಲ್ಮೆಟ್. ನಿಮ್ಮ ಹತ್ರ ಒಂದೇ ಇದ್ರೆ ಗೆಳೆಯನಿಗೆ ಬರ್ತ್‌ಡೇಗೆ ಶರ್ಟ್ ಕೊಡ್ಬೇಡಿ, ಹೆಲ್ಮೆಟ್ ಕೊಡಿ. ಬೋರಿಂಗ್ ಗಿಫ್ಟ್ ಅಂತ ಬೈದ್ರೆ ಬೈಯಲಿ.

ನಾಲ್ಕನೇದು, ಗೆಳೆಯನನ್ನ ಕಳ್ಕೊಂಡವರು ನಿಮ್ಮ ಆಫೀಸಲ್ಲೋ ಹಾಸ್ಟೆಲಲ್ಲೋ ಇದ್ರೆ, "ಕ್ಲೋಸ್ ಫ್ರೆಂಡಾ?" ಅಂತ ಅಳೀಬೇಡಿ. "ಎಲ್ಲಾ ವಿಧಿ" ಅಂತಲೂ ಬೇಡ. "ಊಟ ಆಯ್ತಾ, ಬಾ" ಅಂದ್ರೆ ಸಾಕು. ಅವನ ಕತೆ ಒಂದು ಹೇಳು ಅಂತ ಕೇಳಿ. ನನಗೆ ಆ ಆರು ತಿಂಗಳಲ್ಲಿ ಯಾರೂ ಅದನ್ನ ಕೇಳಲಿಲ್ಲ. ಕೇಳಿದ್ರೆ ಎಷ್ಟಿತ್ತು ಹೇಳೋಕೆ! ಕಳ್ಕೊಂಡವರು ನೀವೇ ಆಗಿದ್ದು, ನಿದ್ದೆ ಬರ್ತಿಲ್ಲ, ಹೇಳೋಕೆ ಯಾರೂ ಇಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಆ ಹೆಲ್ಮೆಟ್ ಈಗ ನನ್ನ ಹತ್ರ ಇದೆ. ಚಿಕ್ಕಮ್ಮನೇ ಕೊಟ್ರು. ಕಪಾಟಲ್ಲಿ ಇಟ್ಟು ನೋಡೋಕಲ್ಲ, "ಹಾಕ್ಕ" ಅಂತ. ಅವನು ಹೇಳಿದ್ದೂ ಅದನ್ನೇ. ಹಾಕ್ತೀನಿ. ಊರಿಗೆ ಹೋದಾಗೆಲ್ಲ ಅದೇ. ಬೇಗಾರ್‌ನಿಂದ ಶೃಂಗೇರಿಗೆ ಹೋಗೋವಾಗ ಆ ತಿರುವು ಬಂದ್ರೆ ನಿಧಾನ ಮಾಡ್ತೀನಿ, ಒಂದು ಹಾರ್ನ್ ಹೊಡೀತೀನಿ. ಅವನಿಗೆ ಅಂತಲ್ಲ, ಎದುರಿಂದ ಯಾರಾದ್ರೂ ಬರ್ತಿರಬಹುದು.

ಇಷ್ಟೇ ಇವತ್ತಿನ ಮಾತು. ಈಗ ಫೋನ್ ಕೈಯಲ್ಲೇ ಇದೆ ಅಲ್ವಾ? ಇವತ್ತು ರಾತ್ರಿ ಬೈಕಲ್ಲಿ ಎಲ್ಲಿಗಾದ್ರೂ ಹೊರಟಿರೋ ಗೆಳೆಯ ಒಬ್ಬ ಇದ್ದೇ ಇರ್ತಾನೆ. ಅವನಿಗೊಂದು ಕಾಲ್ ಮಾಡಿ, ನಾನು ಹೇಳದೆ ಬಿಟ್ಟ ಮೂರು ಪದ ಹೇಳಿ. ನಗ್ತಾನೆ. ನಗಲಿ.

ಮುಂದಿನ ವಾರ ಸಿಗೋಣ. ನಮಸ್ಕಾರ.