ಯಂತ್ರ ಎಲ್ಲಿಯದಾದರೂ ಇರಲಿ, ಮೊಳೆ ನಮ್ಮದಾಗಲಿ!



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕುಳಿತವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕಿ ಬದುಕುವವನು. "ನಮ್ಮ ಹುಡುಗರಿಗೆ ಒಬ್ಬ ಸಾಧಕರ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಸಂಘಟಕರು ಕೇಳಿದರು. ನಾನು ಹೇಳಿದ ಹೆಸರು ಕೇಳಿ ಅವರು ಮುಖ ಮುಖ ನೋಡಿಕೊಂಡರು. ಸ್ಯಾಮ್ ಪಿತ್ರೋಡ!

ಹೌದು, ಅವರು ಕನ್ನಡಿಗರಲ್ಲ. 1942ರಲ್ಲಿ ಒಡಿಶಾದ ತಿತ್ಲಾಗಢದಲ್ಲಿ ಹುಟ್ಟಿದ ಗುಜರಾತಿ ಮನೆತನದವರು. 2024ರಲ್ಲಿ ದಕ್ಷಿಣ ಭಾರತೀಯರ ರೂಪದ ಬಗ್ಗೆ ಅವರು ಆಡಿದ ಮಾತಿಗೆ ನಿಮಗೆ ಸಿಟ್ಟು ಬಂದಿದ್ದರೆ, ನನಗೂ ಬಂದಿತ್ತು. ಅವರ ರಾಜಕೀಯಕ್ಕೆ ಹಾರ ಹಾಕಲು ನಾನು ಬಂದಿಲ್ಲ. ಆದರೆ ಅವರ ಕೈಕೆಳಗೆ ನಡೆದ ಒಂದು ಕೆಲಸ ಮೊದಲು ಹಣ್ಣಾದದ್ದು ನಮ್ಮ ಕನ್ನಡ ನೆಲದಲ್ಲಿ. ಅದನ್ನು ನೀವು ತಿಳಿಯಬೇಕು.

ಮೊದಲು ಹಿಂದಿನ ಕಾಲ ನೆನೆಯೋಣ. ನಮ್ಮ ತಿಪಟೂರಿನ ಕೊಬ್ಬರಿ ಉತ್ತರ ಭಾರತದ ಅಂಗಡಿಗಳಿಗೆ ಹೋಗುವ ಸರಕು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸುಲಿದು, ಒಡೆದು, ಚೀಲ ಕಟ್ಟಿ ಇಲ್ಲಿಗೆ ತರುತ್ತಾನೆ. ಅಂದು ಅವನಿಗೆ ಧಾರಣೆ ಎಷ್ಟೆಂದು ಗೊತ್ತಾಗುತ್ತಿದ್ದದ್ದು ಗಾಡಿ ಮಂಡಿಯ ಮುಂದೆ ನಿಂತ ಮೇಲೆಯೇ. ದೆಹಲಿಯಲ್ಲಿ ಏನು ನಡೆದಿದೆ ಎಂಬುದು ಟ್ರಂಕ್ ಕಾಲ್ ಮಾಡಬಲ್ಲ ವರ್ತಕನಿಗೆ ಗೊತ್ತು, ಬೆಳೆದವನಿಗೆ ಗೊತ್ತಿಲ್ಲ. ಆ ಟ್ರಂಕ್ ಕಾಲ್ ಆದರೂ ಸುಲಭವೇ? ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು. ಬೆಳಿಗ್ಗೆ ಕೇಳಿದ ಕರೆ ಸಂಜೆ ಬಂದರೆ ಪುಣ್ಯ!

1980ರ ಸುಮಾರಿಗೆ ಇಡೀ ದೇಶದಲ್ಲಿದ್ದದ್ದು ಹೆಚ್ಚೂಕಡಿಮೆ 25 ಲಕ್ಷ ಫೋನು, ಜನ ಸುಮಾರು 70 ಕೋಟಿ. 6 ಲಕ್ಷ ಹಳ್ಳಿಗಳಲ್ಲಿ ನೂರಕ್ಕೆ 97ರಲ್ಲಿ ಫೋನೇ ಇಲ್ಲ. ಇದನ್ನು ಕೇಳಬೇಕಾದ ಕೇಂದ್ರ ಮಂತ್ರಿಯೊಬ್ಬರು, ಫೋನು ಐಷಾರಾಮದ ವಸ್ತು, ಬೇಡವಾದವರು ವಾಪಸು ಕೊಡಲಿ ಎಂಬರ್ಥದಲ್ಲಿ ಸಂಸತ್ತಿನಲ್ಲೇ ಮಾತಾಡಿದ ಕಾಲ ಅದು.

ಪಿತ್ರೋಡ ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಗೆದ್ದಿದ್ದರು. ಸೀಮೆಎಣ್ಣೆ ಬುಡ್ಡಿಯ ಊರಿನಲ್ಲಿ ಬೆಳೆದು, ಬರೋಡದಲ್ಲಿ ಭೌತಶಾಸ್ತ್ರ ಓದಿ, 1964ರಲ್ಲಿ ಷಿಕಾಗೋಗೆ ಹೋಗಿ ಎಂಜಿನಿಯರಿಂಗ್ ಕಲಿತರು. ಜಿಟಿಇ ಕಂಪನಿಯಲ್ಲಿ ದುಡಿದರು. 1974ರಲ್ಲಿ ವೆಸ್ಕಾಂ ಸ್ವಿಚಿಂಗ್ ಸೇರಿ ಡಿಜಿಟಲ್ ಎಕ್ಸ್‌ಚೇಂಜು ಕಟ್ಟಿದರು. 1980ರಲ್ಲಿ ರಾಕ್‌ವೆಲ್ ಎಂಬ ದೊಡ್ಡ ಕಂಪನಿ ವೆಸ್ಕಾಂ ಅನ್ನು ಕೊಂಡಿತು, ಇವರು ಸಿರಿವಂತರಾದರು. ಅದೇ ಸುಮಾರಿಗೆ ದೆಹಲಿಗೆ ಬಂದಾಗ ಹೋಟೆಲಿನಿಂದ ಷಿಕಾಗೋದಲ್ಲಿದ್ದ ಹೆಂಡತಿಗೆ ಫೋನ್ ಮಾಡಲು ಹೋದರೆ ಕರೆಯೇ ಸಿಗಲಿಲ್ಲ. ಮಾರನೆಯ ದಿನ ಕಿಟಕಿಯಿಂದ ನೋಡುತ್ತಾರೆ, ಬೀದಿಯಲ್ಲಿ ಶವಯಾತ್ರೆ! ಹೆಣ ಯಾರದು? ಕೆಟ್ಟುಹೋದ ಟೆಲಿಫೋನುಗಳದು. ರೋಸಿದ ಜನ ಮಾಡಿದ ಪ್ರತಿಭಟನೆ. ಇದನ್ನು ಸರಿಮಾಡಬೇಕೆಂಬ ಹಠ ಹುಟ್ಟಿದ್ದು ಆಗಲೇ ಎಂದು ಅವರೇ ಬರೆದುಕೊಂಡಿದ್ದಾರೆ.

ಹಠದಿಂದ 1984ರಲ್ಲಿ ಸಿ-ಡಾಟ್ ಹುಟ್ಟಿತು. 36 ಕೋಟಿ ರೂಪಾಯಿ, 36 ತಿಂಗಳು, ಇದು ಕೊಟ್ಟ ಮಾತು. ದೆಹಲಿ ಮತ್ತು ನಮ್ಮ ಬೆಂಗಳೂರಿನಲ್ಲಿ ಕೆಲಸ. ಕೆಲಸ ಮಾಡಿದವರು ಯಾರು? ಸರಾಸರಿ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು. ನಿಮ್ಮ ವಯಸ್ಸಿನವರು!

ಮಿತ್ರರೇ, ಇಲ್ಲಿ ಸ್ವಲ್ಪ ಕಿವಿಗೊಡಿ. ಪರದೇಶದ ಕಂಪನಿಗಳ ಎಕ್ಸ್‌ಚೇಂಜು ದೊಡ್ಡ ನಗರಕ್ಕೆಂದು ಮಾಡಿದ್ದು. ಅದಕ್ಕೆ ತಣ್ಣನೆಯ ಕೋಣೆ ಬೇಕು, ಧೂಳು ಆಗದು, ಕರೆಂಟು ಹೋಗಬಾರದು. ನಮ್ಮ ಹಳ್ಳಿಯಲ್ಲಿ ಇರುವುದೇನು? ಧೂಳು, ಸೆಕೆ, ಹೋಗಿ ಬರುವ ಕರೆಂಟು. ಅಲ್ಲಿ ಮನೆಗೊಂದು ಫೋನು, ದಿನಕ್ಕೆ ನಾಲ್ಕಾರು ಕರೆ. ಇಲ್ಲಿ ಒಂದು ಫೋನಿಗೆ ಇಡೀ ಬೀದಿಯ ಕರೆ! ಸಿ-ಡಾಟ್ ಹುಡುಗರು ಚಿಪ್ಪನ್ನು ಹೊರಗಿನಿಂದಲೇ ತಂದರು. ಪೆಟ್ಟಿಗೆಯನ್ನು ಮಾತ್ರ ನಮ್ಮ ಹಳ್ಳಿಯ ಅಳತೆಗೆ ಮಾಡಿದರು. 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು, ಏರ್ ಕಂಡೀಷನ್ ಇಲ್ಲದೆ ನಡೆಯುವಂಥದ್ದು.

ಅದನ್ನು ಮೊದಲು ನಿಲ್ಲಿಸಿದ್ದು ಎಲ್ಲಿ ಗೊತ್ತೇ? 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ! 1824ರಲ್ಲಿ ರಾಣಿ ಚೆನ್ನಮ್ಮ ಪರಂಗಿಯವರ ಎದುರು ಕತ್ತಿ ಹಿರಿದ ಕಿತ್ತೂರು. ಸ್ವಂತ ಬುದ್ಧಿಯ ಪೆಟ್ಟಿಗೆಗೆ ಮೊದಲು ಜಾಗ ಕೊಟ್ಟದ್ದು ಅದೇ ನೆಲ. ನಮ್ಮ ಶಾಲೆಯ ಪುಸ್ತಕದಲ್ಲಿ ಇದನ್ನು ನಾನು ಓದಲಿಲ್ಲ. ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ, ಕೈ ಎತ್ತಿ ನೋಡೋಣ!

ಎಲ್ಲವೂ ಗೆಲುವೇ ಎಂದು ಹೇಳಿದರೆ ಸುಳ್ಳಾಗುತ್ತದೆ. ನಗರಗಳಿಗೆಂದು ಕೈಹಾಕಿದ ದೊಡ್ಡ ಎಕ್ಸ್‌ಚೇಂಜು ಹೇಳಿದ 36 ತಿಂಗಳಿಗೆ ಸಿದ್ಧವಾಗಲಿಲ್ಲ. ಪಿತ್ರೋಡ 1989ರಲ್ಲಿ ಟೆಲಿಕಾಂ ಆಯೋಗದ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಸರ್ಕಾರ ಬದಲಾಯಿತು, ಆರೋಪಗಳು ಬಂದವು, ವಾದ ವಿವಾದ ನಡೆಯಿತು, ಅವರ ಆರೋಗ್ಯವೂ ಕೆಟ್ಟಿತು. ಆದರೆ ಸಣ್ಣ ಪೆಟ್ಟಿಗೆ ನಿಲ್ಲಲಿಲ್ಲ, ಸಾವಿರಾರು ಹಳ್ಳಿಗೆ ಹೋಯಿತು.

ಅವರ ಇನ್ನೊಂದು ಲೆಕ್ಕ ಬಹಳ ಸರಳ. ಬಡ ದೇಶದಲ್ಲಿ ಮನೆಮನೆಗೆ ಫೋನು ಬರುವ ತನಕ ಕಾಯುವುದು ಬೇಡ, ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಫೋನಿರಲಿ. ಹಳದಿ ಬೋರ್ಡಿನ ಎಸ್‌ಟಿಡಿ ಬೂತು ದೇಶಕ್ಕೆಲ್ಲ ಹಬ್ಬಿದ್ದು ಈ ಲೆಕ್ಕದಿಂದ. ಎಷ್ಟೋ ಅಂಗವಿಕಲರು, ಎಷ್ಟೋ ವಿಧವೆಯರು ಆ ಬೂತಿನಿಂದ ಅನ್ನ ಕಂಡರು. ರಾತ್ರಿ ತಡವಾದರೆ ಕಾಲುಭಾಗ ದರ ಎಂದು ಬೂತಿನ ಮುಂದೆ ಕ್ಯೂ! ಆ ಕಾಲದ ಲಗ್ನಪತ್ರಿಕೆಗಳಲ್ಲಿ ಫೋನ್ ನಂಬರಿನ ಮುಂದೆ "ಪಿಪಿ" ಎಂದು ನಾನೇ ಮೊಳೆ ಜೋಡಿಸಿದ್ದೇನೆ. ಅಂದರೆ ಫೋನು ಪಕ್ಕದ ಮನೆಯದು, ಕರೆದರೆ ಓಡಿಬರುತ್ತೇವೆ ಎಂದು ಅರ್ಥ. ಹಳ್ಳಿಯ ರೈತ ಬೂತಿಗೆ ಬಂದು ಮಂಡಿಗೆ ಫೋನ್ ಹಚ್ಚಿ "ಇವತ್ತು ಧಾರಣೆ ಎಷ್ಟು ಸ್ವಾಮಿ?" ಎಂದು ಕೇಳಿದನಲ್ಲ, ಆ ದಿನದಿಂದ ಮನೆ ಬಾಗಿಲಿಗೆ ಬಂದ ದಲ್ಲಾಳಿಯ ಮುಂದೆ ಅವನ ದನಿ ಗಟ್ಟಿಯಾಯಿತು. ಅವನು ಕೇಳಿದ್ದು ಕನ್ನಡದಲ್ಲಿ, ಉತ್ತರ ಬಂದದ್ದೂ ಕನ್ನಡದಲ್ಲಿ.

ಇಂದು ಎಲ್ಲರ ಜೇಬಿನಲ್ಲೂ ಫೋನಿದೆ. ಆದರೆ ಒಂದು ವಿಚಿತ್ರ ನೋಡಿ. ನಮ್ಮ ಪ್ರೆಸ್ಸಿಗೆ ವಾರದಲ್ಲಿ ನಾಲ್ಕೈದು ಜನ ಅಚ್ಚಿನ ಕೆಲಸವಿಲ್ಲದೆ ಬರುತ್ತಾರೆ. ಮೊಬೈಲು ಮುಂದಿಟ್ಟು "ಇದೇನು ಬಂದದೆ, ಓದಿ ಹೇಳಪ್ಪಾ" ಎನ್ನುತ್ತಾರೆ. ಇಂಗ್ಲಿಷ್ ಸಂದೇಶ. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ತಾಯಿ ಬಂದದ್ದು ತಡವಾಗಿ. ಬಂದ ನಂಬರನ್ನು ಯಾರಿಗೂ ಹೇಳಬೇಡಿ ಎಂದು ಆ ಸಂದೇಶದಲ್ಲೇ ಬರೆದಿತ್ತು, ಆದರೆ ಇಂಗ್ಲಿಷಿನಲ್ಲಿ ಬರೆದಿತ್ತು! ಕನ್ನಡದಲ್ಲಿ ನಯವಾಗಿ ಮಾತಾಡಿದ ಕಳ್ಳನಿಗೆ ಆಕೆ ನಂಬರು ಹೇಳಿಬಿಟ್ಟಿದ್ದರು. ಕೊಬ್ಬರಿ ಮಾರಿದ ದುಡ್ಡು ಹೋಯಿತು. ಯೋಚಿಸಿ ಗೆಳೆಯರೇ, ಕಳ್ಳನಿಗೆ ಕನ್ನಡ ಬೇಕು ಎಂದು ಗೊತ್ತಿದೆ, ಎಚ್ಚರಿಕೆ ಕಳಿಸುವವರಿಗೆ ಗೊತ್ತಿಲ್ಲ!

ಬೈದರೆ ಸಾಲದು, ಕಟ್ಟಬೇಕು. ನಮ್ಮ ಕಸುಬಿನ ಒಂದು ಮಾತು ಹೇಳುತ್ತೇನೆ. ಅಚ್ಚಿನ ಯಂತ್ರ ಜರ್ಮನಿಯಿಂದ ಬಂದಿರಬಹುದು. ಆದರೆ ಒತ್ತಕ್ಷರ, ದೀರ್ಘ, ಕೊಂಬು ಇರುವ ಮೊಳೆ ಎರಕ ಹೊಯ್ದವರು ಇದ್ದದ್ದರಿಂದ ಅದು ಕನ್ನಡ ಅಚ್ಚು ಹಾಕಿತು. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ಕೆ.ಪಿ. ರಾವ್ ಅವರು ಕನ್ನಡಕ್ಕೊಂದು ಸುಲಭ ಕೀಲಿಮಣೆ ವಿನ್ಯಾಸ ಕೊಟ್ಟರು. ಅದರಿಂದಲೇ ನನ್ನಂಥ ಪಿಯುಸಿಯವನೂ ಟೈಪು ಮಾಡುತ್ತಿದ್ದಾನೆ. ಕಿತ್ತೂರಿನ ಪೆಟ್ಟಿಗೆಯ ಪಾಠವೂ ಇದೇ. ವಿದ್ಯೆ ಷಿಕಾಗೋದ್ದಾಗಲಿ, ಅಳತೆ ನಮ್ಮ ಊರಿನದಾಗಬೇಕು.

ಬೆಂಗಳೂರಿಗೆ ಇದು ಹೊಸತೇನಲ್ಲ. 1948ರಲ್ಲಿ ಐಟಿಐ ಕಾರ್ಖಾನೆ ಅಲ್ಲಿ ಎದ್ದಿತು, ಅದರ ಸುತ್ತ ಬೆಳೆದ ಊರಿಗೆ ದೂರವಾಣಿ ನಗರ ಎಂದೇ ಹೆಸರು. 2025ರಲ್ಲಿ ಬಿಎಸ್‌ಎನ್‌ಎಲ್ ದೇಶದ್ದೇ ಆದ 4ಜಿ ಜಾಲ ತೆರೆಯಿತು. ಅದರ ತಿರುಳು ಅದೇ ಸಿ-ಡಾಟ್‌ನದು, ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಜಾಲ ನಮ್ಮದಾಯಿತು. ಅದರ ಮೇಲೆ ಹರಿಯುವ ಮಾತು?

ಸಾಫ್ಟ್‌ವೇರ್ ಓದಿದ ತಮ್ಮಂದಿರೇ, ತಂಗಿಯರೇ, ಆ ಕೆಲಸ ನಿಮ್ಮದು. ಹಣದ ಸಂದೇಶವನ್ನು ಕನ್ನಡದಲ್ಲಿ ಓದಿ ಹೇಳುವಂಥದ್ದು ಮಾಡಿ. ಅಟ್ಟದ ಕೆಳಗೆ ನಿಂತು ಕೇಳಿದರೆ ಧಾರಣೆ ಹೇಳುವಂಥದ್ದು ಮಾಡಿ. ಮಾಡಿದ್ದನ್ನು ಬೆಂಗಳೂರಿನ ತಣ್ಣನೆಯ ಕೋಣೆಯಲ್ಲಿ ಪರೀಕ್ಷೆ ಮಾಡಿ ಮುಗಿಸಬೇಡಿ. ನಮ್ಮ ಮಂಡಿಯ ಗದ್ದಲಕ್ಕೆ, ನಮ್ಮ ಅಜ್ಜಿಯರ ನಾಲಿಗೆಗೆ ತಂದು ಹಚ್ಚಿ ನೋಡಿ. ಇಲ್ಲಿ ಗೆದ್ದರೆ ಅದು ಗೆದ್ದಂತೆ. ನೀವು ಬಂದರೆ ಅದರ ಕರಪತ್ರ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಇದು ಈ ಸಭೆಯಲ್ಲಿ ಕೊಟ್ಟ ಮಾತು.

ಸಿರಿಗನ್ನಡಂ ಗೆಲ್ಗೆ!