ಬರಗಾಲದಲ್ಲೂ ಚರಗ

ಮಕ್ಕಳೇ, 2023ರ ಮುಂಗಾರು ನೆನಪಿದೆಯೇ? ಮಳೆ ಕೈಕೊಟ್ಟ ವರ್ಷ ಅದು. ರಾಜ್ಯದ ಬಹುಪಾಲು ತಾಲ್ಲೂಕುಗಳ ಜೊತೆ ಹಾವೇರಿ ಜಿಲ್ಲೆಯೂ ಬರದ ಪಟ್ಟಿಗೆ ಸೇರಿತು. ಎಷ್ಟೋ ಹೊಲಗಳಲ್ಲಿ ಗೋವಿನಜೋಳ ಕಾಳು ಕಟ್ಟುವ ಮೊದಲೇ ಬಾಡಿತು. ಆದರೂ ಸೀಗಿ ಹುಣ್ಣಿಮೆಗೆ ರೈತರು ಬುಟ್ಟಿ ಹೊತ್ತು ಹೊಲಕ್ಕೆ ನಡೆದರು. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಯ, ಮೊಸರನ್ನ. ಬೆಳೆ ಹೊತ್ತ ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುವುದು ಈ ಕಡೆಯ ನಂಬಿಕೆ. ಮಾಡಿದ ಅಡುಗೆಯನ್ನು ಹೊಲದ ಸುತ್ತ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಚೆಲ್ಲಿದ್ದರಲ್ಲಿ ಇರುವೆ, ಹಕ್ಕಿ, ಹುಳುಗಳಿಗೆಲ್ಲ ಪಾಲುಂಟು.

ಬೆಳೆಯೇ ಬಾರದ ವರ್ಷ ಭೂಮಿಯ ಉಪಕಾರ ನೆನೆಯುವುದು ಯಾಕೆ? ಚರಗದಿಂದ ಮಳೆ ಬರುವುದಿಲ್ಲ. ಅದು ರೈತರಿಗೆ ನಮಗಿಂತ ಚೆನ್ನಾಗಿ ಗೊತ್ತು. ಉತ್ತರ ಹುಡುಕಲು ಇದೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೆ ಹೋಗೋಣ.

ಅಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ, 1974ರಲ್ಲಿ ಆದದ್ದು. ಮೇಯುವ ಹಿಂಡನ್ನು ದೂರ ನಿಂತು ನೋಡಿ. ಎರಡು ಬಾಯಿ ಹುಲ್ಲು ತಿನ್ನುವಷ್ಟರಲ್ಲಿ ಒಂದು ತಲೆ ಎತ್ತುತ್ತದೆ, ಕಿವಿ ನಿಮಿರುತ್ತದೆ. ಒಂದು ತುತ್ತು ಹುಲ್ಲು ತಪ್ಪಿದರೆ ಅದಕ್ಕೆ ನಷ್ಟವೇನಿಲ್ಲ, ಪಕ್ಕದ ಪೊದೆಯಲ್ಲಿ ಇನ್ನೊಂದು ತುತ್ತಿದೆ. ತೋಳದ ಸುಳಿವು ತಪ್ಪಿತೋ, ಅಲ್ಲಿಗೆ ಮುಗಿಯಿತು. ಕಾಡಿನಲ್ಲಿ ಬದುಕಿದ ನಮ್ಮ ಪೂರ್ವಜರದ್ದೂ ಇದೇ ಲೆಕ್ಕ. ಹಾಗಾಗಿ ನಮ್ಮ ಮಿದುಳು ಕೆಟ್ಟದ್ದನ್ನು ಬೇಗ ಗುರುತಿಸಿ, ಬಹುದಿನ ನೆನಪಿಡುತ್ತದೆ. ಹತ್ತು ಗೆಳೆಯರು ಹೊಗಳಿ ಒಬ್ಬ ಅಣಕಿಸಿದರೆ ರಾತ್ರಿ ನೆನಪಾಗುವುದು ಆ ಒಬ್ಬನೇ ಅಲ್ಲವೇ?

ಒಳ್ಳೆಯದರ ಕಥೆಯೇ ಬೇರೆ. ಇದೇ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೊಸಬರು ಕಾಲಿಟ್ಟರೆ ಸಾಕು, ಆಕ್ಷೀ! ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ; ಅದರ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಆದರೂ ರಾಶಿ ರಾಶಿ ಕಾಯಿಯ ಘಾಟು ಬಿಡಬೇಕಲ್ಲ! ದಿನವೂ ಅಲ್ಲೇ ದುಡಿಯುವವರಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಖಾರದ ಅಂಶವಾದ ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಾಗಿದಂತೆ ನರಗಳು ಅದಕ್ಕೆ ಮಂದವಾಗುತ್ತವೆ. ದಿನವೂ ಸಿಗುವ ಒಳ್ಳೆಯದರ ವಿಷಯದಲ್ಲಿ ನಮ್ಮ ಮನಸ್ಸೂ ಹೀಗೇ. ನಲ್ಲಿ ನೀರು ಬಂದಾಗ ಯಾರೂ ಕುಣಿಯುವುದಿಲ್ಲ, ನಿಂತಾಗ ಮಾತ್ರ ಬೊಬ್ಬೆ.

ಹಾಗಾದರೆ ಚರಗ ಚೆಲ್ಲುವವರಂತೆ ಒಳ್ಳೆಯದನ್ನು ಬೇಕೆಂದೇ ನೆನೆದರೆ? ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಹತ್ತು ವಾರ, ವಾರಕ್ಕೊಮ್ಮೆ ಬರೆದರು. ಒಂದು ಗುಂಪು ತಮಗಾದ ಉಪಕಾರಗಳನ್ನು, ಇನ್ನೊಂದು ಕಿರಿಕಿರಿಗಳನ್ನು, ಮತ್ತೊಂದು ನಡೆದ ಸಂಗತಿಗಳನ್ನು. ಉಪಕಾರ ಬರೆದವರಿಗೆ ತಮ್ಮ ಬದುಕು ಹೆಚ್ಚು ಹಿತವೆನಿಸಿತು. ಕಿರಿಕಿರಿ ಬರೆದವರಿಗಿಂತ ಅವರು ವ್ಯಾಯಾಮವನ್ನೂ ಹೆಚ್ಚು ಮಾಡಿದ್ದರು. ಆಮೇಲಿನ ಅಧ್ಯಯನಗಳೂ ಪರಿಣಾಮ ಇದೆ ಎಂದಿವೆ, ಆದರೆ ದೊಡ್ಡದಲ್ಲ. ಇದೇನು ಮಂತ್ರವೇ, ಒಂದೇ ದಿನಕ್ಕೆ ಎಲ್ಲ ಬದಲಾಗಲು?

ಒಂದು ಮಾತು. ಉಪಕಾರ ನೆನೆಯುವುದೆಂದರೆ ಕಷ್ಟವನ್ನು ಮುಚ್ಚಿಡುವುದಲ್ಲ. ಚರಗ ಚೆಲ್ಲಿದ ರೈತರೇ ಬರ ಪರಿಹಾರವನ್ನೂ ಕೇಳಿದರು, ಎರಡೂ ಸರಿಯೇ. ಅಳುವ ಗೆಳತಿಗೆ ‘ನಿನಗೆ ಇಷ್ಟಾದರೂ ಇದೆಯಲ್ಲ’ ಎಂದರೆ ಅದು ಸಮಾಧಾನವಲ್ಲ, ಗದರಿಕೆ. ಸುಮ್ಮನೆ ಪಕ್ಕದಲ್ಲಿ ಕೂತರೂ ಸಾಕು.

ನೀವೂ ವಾರಕ್ಕೊಮ್ಮೆ ನಿಮಗಾದ ಉಪಕಾರಗಳನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದು ನೋಡಿ. ‘ಅಕ್ಕ ಒಳ್ಳೆಯವಳು’ ಎಂದರೆ ನಿಮಗೇ ಬೇಸರ ಬಂದೀತು. ‘ಕರೆಂಟ್ ಹೋದಾಗ ಅಕ್ಕ ಟಾರ್ಚ್ ಹಿಡಿದು ಕೂತಳು, ನಾನು ಲೆಕ್ಕ ಮುಗಿಸಿದೆ’ ಎಂದು ಬರೆಯಿರಿ. ಏನೂ ಹೊಳೆಯದಿದ್ದರೆ ರೊಟ್ಟಿಯ ಜೊತೆಗಿನ ಕೆಂಪು ಚಟ್ನಿಯಿಂದ ಶುರುಮಾಡಿ: ಕಾಯಿ ಬೆಳೆದವರು ಯಾರು, ತೊಟ್ಟು ಬಿಡಿಸಿದವರು ಯಾರು, ಚೀಲ ಹೊತ್ತ ಹಮಾಲರು ಯಾರು, ಕುಟ್ಟಿದವರು ಯಾರು? ಒಂದು ಪುಟ ಸಾಲಲಿಕ್ಕಿಲ್ಲ.