ಡಬ್ಬಿಯ ಚಿತ್ರ ಬಿಡಿ, ಅಚ್ಚಿನ ಗುರುತು ನೋಡಿ

ನನ್ನೂರು ಬೀದರ್ ಕಡೆ. ಕೆಲಸ ಛತ್ರಪತಿ ಸಂಭಾಜಿನಗರದ ವಾಳೂಜ್ ಎಂಐಡಿಸಿಯಲ್ಲಿ, ಪ್ಲಾಸ್ಟಿಕ್ ಮೋಲ್ಡಿಂಗ್ ಶಾಪ್‌ನಲ್ಲಿ. ಹಗಲು ವಾಹನಗಳ ಬಿಡಿಭಾಗದ ಅಚ್ಚು, ರಾತ್ರಿ ಮನೆಯಲ್ಲಿ ಪ್ಲಾಸ್ಟಿಕ್ ವಿಮಾನದ ಕಿಟ್. ಎರಡೂ ಒಂದೇ ವಿದ್ಯೆ ಅನ್ನೋದೇ ಇವತ್ತಿನ ಮಾತು.

ಹೊಸಬರು ಕಿಟ್ ಕೊಳ್ಳುವಾಗ ಡಬ್ಬಿಯ ಚಿತ್ರ ನೋಡ್ತಾರೆ, ಬೆಲೆ ನೋಡ್ತಾರೆ, ಎಷ್ಟು ಪಾರ್ಟ್ಸ್ ಇದೆ ಅಂತ ಎಣಿಸ್ತಾರೆ. ಚಿತ್ರ ಬರೆದವನು ಅಚ್ಚು ಕೆತ್ತಿಲ್ಲ. ಬೆಲೆಯಲ್ಲಿ ಆಮದು ಸುಂಕ, ಸಾಗಣೆ ಎಲ್ಲ ಸೇರಿರುತ್ತೆ. ಪಾರ್ಟ್ಸ್ ಹೆಚ್ಚಿದ್ದಷ್ಟೂ ಸರಿಯಾಗಿ ಕೂರಬೇಕಾದ ಜಾಗಗಳೂ ಹೆಚ್ಚು, ಅಷ್ಟೇ.

ಇನ್ನೊಂದು, ಗೀರುಗಳು. ಮಿಗ್-21 ತಗೊಳ್ಳಿ. ನಾಶಿಕ್ ಹತ್ತಿರದ ಓಝರ್‌ನಲ್ಲಿ ಎಚ್‌ಎಎಲ್ 1960ರ ದಶಕದಲ್ಲಿ ಕಟ್ಟೋಕೆ ಶುರು ಮಾಡಿದ ವಿಮಾನ. ನಮ್ಮ ವಾಯುಪಡೆ ಅದನ್ನ ಬೀಳ್ಕೊಟ್ಟಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 7.15 ಮೀಟರ್. 1/72 ಅಳತೆಯಲ್ಲಿ 10 ಸೆಂಟಿಮೀಟರ್‌ಗೂ ಒಂಚೂರು ಕಡಿಮೆ. ಈಗ ಕಿಟ್‌ನ ರೆಕ್ಕೆ ಮೇಲೆ 0.3 ಮಿಲಿಮೀಟರ್ ಅಗಲದ ಗೀರು ಇದ್ರೆ ಹೊಸಬರು 'ಆಹಾ, ಏನು ಡಿಟೇಲ್' ಅಂತಾರೆ. 72ರಿಂದ ಗುಣಿಸಿ ನೋಡಿ: ನಿಜ ವಿಮಾನದಲ್ಲಿ ಅದು 21.6 ಮಿಲಿಮೀಟರ್ ಬಿರುಕು! ಬೆರಳು ತೂರುತ್ತೆ. ಓಝರ್‌ನಲ್ಲಿ ಅಂಥ ವಿಮಾನ ಶೆಡ್ ದಾಟುತ್ತಿತ್ತಾ?

ಹಾಗಾದ್ರೆ ಏನು ನೋಡಬೇಕು? ಅಚ್ಚಿನ ಗುರುತು. ಭಾಗದ ಅಂಚಿನಲ್ಲಿ ತೆಳ್ಳಗೆ ಹಾಳೆ ಥರ ಪ್ಲಾಸ್ಟಿಕ್ ಚಾಚಿಕೊಂಡಿದ್ರೆ ಅದು ಫ್ಲ್ಯಾಶ್. ಅಚ್ಚಿನ ಎರಡು ಹೋಳು ಬಿಗಿಯಾಗಿ ಮುಚ್ಚಿಲ್ಲ, ಬಹಳ ಸಲ ಅಚ್ಚು ಸವೆದಿದೆ ಅಂತ ಅರ್ಥ. ದಪ್ಪ ಇರೋ ಕಡೆ ಮೇಲ್ಮೈ ಗುಳಿ ಬಿದ್ದಿದ್ರೆ, ಒಳಗಿನ ಪ್ಲಾಸ್ಟಿಕ್ ತಣಿಯುವಾಗ ಕುಗ್ಗಿದೆ. ಆಮೇಲೆ ಚಿಕ್ಕ ಚಿಕ್ಕ ದುಂಡು ಗುರುತು. ಅಚ್ಚಿನಿಂದ ಭಾಗವನ್ನ ಆಚೆ ತಳ್ಳೋ ಪಿನ್ನಿನದು. ಇದನ್ನ ಕಂಡ ಕೂಡಲೇ 'ಡಿಫೆಕ್ಟ್' ಅಂತಾರೆ. ಅಲ್ಲ, ಆ ಗುರುತು ಒಳ್ಳೆಯ ಕಿಟ್‌ನಲ್ಲೂ ಇರುತ್ತೆ. ಎಲ್ಲಿದೆ ಅನ್ನೋದು ಮುಖ್ಯ. ಅಂಟಿಸಿದ ಮೇಲೆ ಮುಚ್ಚಿಹೋಗೋ ಕಡೆ ಇದ್ರೆ ಅಚ್ಚು ಮಾಡಿದವನು ನಿಮ್ಮ ಬಗ್ಗೆ ಯೋಚಿಸಿದ್ದಾನೆ. ಚಕ್ರದ ಬಾಗಿಲ ಒಳಬದಿಯಲ್ಲಿ, ಕಣ್ಣಿಗೆ ಹೊಡೆಯೋ ಹಾಗಿದ್ರೆ ಉಜ್ಜೋ ಕೆಲಸ ನಿಮ್ಮ ಪಾಲಿಗೆ.

ನಾಶಿಕ್‌ನಲ್ಲಿ ನನ್ನ ಗೆಳೆಯರೊಬ್ಬರ ಮಗ, ಒಂಬತ್ತನೇ ಕ್ಲಾಸು. ಹಬ್ಬಕ್ಕೆ ಬಂದ ದುಡ್ಡೆಲ್ಲ ಕೂಡಿಟ್ಟು ಒಂದು ಕಿಟ್ ತರಿಸಿದ್ದ. ಅರ್ಧಕ್ಕೇ ಬಿಟ್ಟು ಡಬ್ಬಿ ಕಪಾಟಿನ ಮೇಲೆ ಎಸೆದಿದ್ದಾನೆ. "ಕಾಕಾ, ನನ್ನ ಕೈಗೆ ಇದು ಬರಲ್ಲ" ಅಂದ. ಇಳಿಸಿ ನೋಡಿದೆ. ವಿಮಾನದ ಒಡಲಿನ ಒಂದು ಹೋಳು ಬಾಳೆಕಾಯಿ ಥರ ಬಾಗಿತ್ತು. ಪೂರ್ತಿ ತಣಿಯೋ ಮುಂಚೆ ಅಚ್ಚಿನಿಂದ ತೆಗೆದ್ರೆ ಹೀಗಾಗುತ್ತೆ. ನಮ್ಮ ಶಾಪ್‌ನಲ್ಲಾದ್ರೆ ನೇರ ರಿಜೆಕ್ಟ್ ಡಬ್ಬಕ್ಕೆ. ಹುಡುಗನ ಕೈಯಲ್ಲಿ ಏನೂ ಐಬಿರಲಿಲ್ಲ. ಮೂಗಿನ ಕಡೆಯಿಂದ ಒಂದೊಂದು ಇಂಚು ಅಂಟಿಸಿ, ಟೇಪ್ ಸುತ್ತಿ, ಒಣಗಿದ ಮೇಲೆ ಮುಂದಿನ ಇಂಚು. ಎರಡು ಸಂಜೆ ಹಿಡೀತು, ಕೂತಿತು.

ಡಬ್ಬಿ ಹೊಸದು ಅಂದ ಮಾತ್ರಕ್ಕೆ ಅಚ್ಚು ಹೊಸದಲ್ಲ, ಇದೂ ಗೊತ್ತಿರಲಿ. ಹತ್ತಾರು ವರ್ಷ ಹಳೆಯ ಅಚ್ಚನ್ನೇ ಹೊಸ ಚಿತ್ರ, ಹೊಸ ಸ್ಟಿಕ್ಕರ್ ಹಾಕಿ ಮತ್ತೆ ಮಾರೋದು ಈ ವ್ಯಾಪಾರದಲ್ಲಿ ಮಾಮೂಲಿ. ಒಂದು ಕಂಪನಿಯ ಅಚ್ಚು ಇನ್ನೊಂದು ಕಂಪನಿಯ ಡಬ್ಬಿಯಲ್ಲೂ ಬರುತ್ತೆ. ಸ್ಕೇಲ್‌ಮೇಟ್ಸ್ ಜಾಲತಾಣದಲ್ಲಿ ಕಿಟ್ ಹೆಸರು ಹಾಕಿದ್ರೆ ಅಚ್ಚಿನ ವಂಶಾವಳಿ ಸಿಗುತ್ತೆ. ದುಡ್ಡು ಕೊಡೋ ಮುಂಚೆ ಐದು ನಿಮಿಷ ಅಲ್ಲಿ ಕಳೀರಿ.

ಕಿಟ್ ಮನೆಗೆ ಬಂದ ಮೇಲೆ ಗೋಂದು ಮುಟ್ಟಬೇಡಿ. ಒಡಲಿನ ಎರಡು ಹೋಳು ಸೇರಿಸಿ ಕೈಯಲ್ಲೇ ಹಿಡಿದು ಟ್ಯೂಬ್‌ಲೈಟ್ ಕಡೆ ತಿರುಗಿಸಿ, ಸಂದಿಯಲ್ಲಿ ಬೆಳಕು ಎಲ್ಲಿ ತೂರುತ್ತೆ ನೋಡಿ. ಆಮೇಲೆ ರೆಕ್ಕೆ ಒಡಲಿಗೆ ಸೇರೋ ಜಾಗ. ಕಿಟ್‌ನ ನಿಜಬಣ್ಣ ಬಯಲಾಗೋದು ಹೆಚ್ಚಾಗಿ ಅಲ್ಲೇ. ಸಂದಿ ಕಂಡ್ರೆ ಪೆನ್ಸಿಲ್ಲಲ್ಲಿ ಗುರುತು ಹಾಕಿಡಿ. ಅಲ್ಲಿಗೆ ಪುಟ್ಟಿ ತುಂಬೋದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ತೋರಿಸ್ತೀನಿ.